ಕಣ್ಣು ದಣಿದದ್ದಕ್ಕೆ ಕನ್ನಡಕ ಬಂತಾ?

ಪತ್ರ: ಮೂರನೇ ಕ್ಲಾಸಿನ ಮಗನಿಗೆ ಈ ಜೂನಿನಲ್ಲಿ ಕನ್ನಡಕ ಬಂತು, ಮೈನಸ್ 1.25. ಪುಸ್ತಕವನ್ನು ಮೂಗಿಗೆ ತಾಗಿಸಿಯೇ ಓದುತ್ತಾನೆ. ಹತ್ತಿರ ನೋಡಿ ನೋಡಿ ಸ್ನಾಯು ಬಿಗಿದಿದೆ, ವ್ಯಾಯಾಮ ಮಾಡಿಸಿದರೆ ನಂಬರ್ ಇಳಿಯುತ್ತದೆ ಎಂದು ಪರಿಚಯದವರು ಹೇಳಿದರು. ಕನ್ನಡಕ ಹಾಕಿದರೆ ಇನ್ನೂ ಏರುತ್ತದೆ ಅಂತ ಅತ್ತೆಗೆ ಭಯ. ಐದು ವರ್ಷದ ಮಗಳೂ ಇದ್ದಾಳೆ. ಏನು ಮಾಡಲಿ?
– ಓದುಗರು, ಕಲ್ಯಾಣಪುರ, ಉಡುಪಿ

ಸಂಪಾದಕರ ಉತ್ತರ:

ನಾನು ಡಾಕ್ಟರಲ್ಲ, ಆರನೇ ಕ್ಲಾಸಿನಿಂದ ಕನ್ನಡಕ ಹಾಕಿದವನು. ಹಾಗಾಗಿ ಈ ವಿಷಯ ಸ್ವಲ್ಪ ಜಾಸ್ತಿಯೇ ಓದಿದ್ದೇನೆ.

ಹತ್ತಿರ ನೋಡುವಾಗ ಕಣ್ಣೊಳಗಿನ ಸಣ್ಣ ಸ್ನಾಯು ಬಿಗಿಯಾಗಿ ಲೆನ್ಸ್ ಉಬ್ಬುತ್ತದೆ ಎನ್ನುವುದು ನಿಜ. ಸರಿಯಾಗಿ ಕಾಣುವ ಕಣ್ಣಿಗೆ 33 ಸೆಂ.ಮೀ. ದೂರದ ಪುಸ್ತಕಕ್ಕೆ 3 ಡಯಾಪ್ಟರ್‌ನಷ್ಟು (ಕನ್ನಡಕದ ನಂಬರನ್ನು ಅಳೆಯುವುದೂ ಇದರಲ್ಲೇ) ಫೋಕಸ್ ಬೇಕು, 10 ಸೆಂ.ಮೀ.ಗೆ 10. ಆದರೆ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗಿ ಕಾಣುವ ಈ ಮೈನಸ್ ನಂಬರ್, ಬಂದ ಹೆಚ್ಚಿನ ಮಕ್ಕಳಲ್ಲಿ ಆಗಿರುವುದು ಬೇರೆ: ಕಣ್ಣುಗುಡ್ಡೆಯೇ ಉದ್ದವಾಗಿರುತ್ತದೆ. 1.25ಕ್ಕೆ ಸುಮಾರು ಅರ್ಧ ಮಿಲಿಮೀಟರ್, ಅಕ್ಕಿಕಾಳಿನ ದಪ್ಪವೂ ಇಲ್ಲ. ಬೆಳೆದ ಉದ್ದ ವ್ಯಾಯಾಮಕ್ಕೆ ಕುಗ್ಗುವುದಿಲ್ಲ ಮಾರಾಯ್ರೆ. ಕೆಲವು ಮಕ್ಕಳಿಗೆ ಸ್ನಾಯು ಬಿಗಿದೇ ಉಳಿದು ಸುಳ್ಳು ನಂಬರ್ ತೋರಿಸುವುದುಂಟು. ಔಷಧಿ ಹನಿ ಹಾಕಿ ಪರೀಕ್ಷಿಸಿದರೆ ಅದು ಗೊತ್ತಾಗುತ್ತದೆ. ನಿಮ್ಮ ಮಗನಿಗೆ ಹನಿ ಹಾಕಿದ್ದರಾ? ಇಲ್ಲವಾದರೆ ಮೊದಲು ಅದನ್ನು ಮಾಡಿಸಿ.

ಹಾಗಾದರೆ ಕಣ್ಣು ಉದ್ದವಾದದ್ದು ಯಾಕೆ? ಬಹಳ ಕಾಲ ಸ್ನಾಯುವಿನ ಮೇಲೆಯೇ ಅನುಮಾನ ಇತ್ತು. ಅಟ್ರೋಪಿನ್ ಹನಿ ಫೋಕಸ್ಸನ್ನು ಸಡಿಲಿಸುತ್ತದೆ, ಸಮೀಪದೃಷ್ಟಿ ಏರುವುದನ್ನೂ ನಿಧಾನ ಮಾಡುತ್ತದೆ. ಕಳ್ಳ ಸಿಕ್ಕಿದ ಹಾಗೇ ಅಲ್ವಾ? ಆದರೆ ಕೋಳಿಮರಿಯ ಫೋಕಸ್ ಸ್ನಾಯುವಿಗೆ ಅಟ್ರೋಪಿನ್ ತಾಗುವುದೇ ಇಲ್ಲ, ಆದರೂ ಅದರ ಕಣ್ಣಿನಲ್ಲೂ ಹನಿ ಕೆಲಸ ಮಾಡಿತು. ಇನ್ನೊಂದು ವಿಷಯ: ಮರಿಯ ಕಣ್ಣಿಗೆ ಮೈನಸ್ ಲೆನ್ಸ್ ಕಟ್ಟಿ ಚಿತ್ರ ರೆಟಿನಾದ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪರದೆ) ಹಿಂದೆ ಬೀಳುವಂತೆ ಮಾಡಿದರೆ ಕಣ್ಣು ಉದ್ದವಾಗುತ್ತದೆ. ಮೆದುಳಿಗೆ ಹೋಗುವ ನರ ಕತ್ತರಿಸಿದರೂ ಹಾಗೆಯೇ! ಅಂದರೆ ಕಣ್ಣು ಎಷ್ಟು ಬೆಳೆಯಬೇಕು ಎಂದು ಲೆಕ್ಕ ಹಾಕುವುದು ರೆಟಿನಾ.

ಪುಸ್ತಕ ಓದುವಾಗಲೂ ಫೋಕಸ್ ರೆಟಿನಾದಿಂದ ಒಂಚೂರು ಹಿಂದೆ ಬೀಳುತ್ತದೆ, ಕಣ್ಣು ಬೆಳೆಯುವುದು ಅದಕ್ಕೇ ಎಂಬ ವಾದವೂ ಇದೆ. ಅದನ್ನು ಸರಿಪಡಿಸುವ ಪ್ರೊಗ್ರೆಸಿವ್ ಕನ್ನಡಕವನ್ನು (ಕೆಳಭಾಗದಲ್ಲಿ ಹತ್ತಿರ ಓದಲು ಬೇರೆ ಪವರ್ ಇರುವಂಥದ್ದು) ಅಮೆರಿಕದಲ್ಲಿ 469 ಮಕ್ಕಳ ಮೇಲೆ ಪರೀಕ್ಷಿಸಿದರು. ಮೂರು ವರ್ಷದಲ್ಲಿ ಸಾಮಾನ್ಯ ಕನ್ನಡಕದ ಮಕ್ಕಳಿಗಿಂತ ನಂಬರ್ ಕಡಿಮೆ ಏರಿದ್ದು ಬರೀ 0.20 ಡಯಾಪ್ಟರ್. ವಾದ ಪೂರ್ತಿ ಸುಳ್ಳಲ್ಲ, ಆದರೆ ಅದೊಂದೇ ಕಾರಣ ಅಂತೂ ಅಲ್ಲ.

ಅತ್ತೆಯವರಿಗೆ ಇದನ್ನು ಹೇಳಿ: ಮಲೇಷ್ಯಾದಲ್ಲಿ ಬೇಕೆಂದೇ ಕಡಿಮೆ ನಂಬರಿನ ಕನ್ನಡಕ ಕೊಟ್ಟ ಮಕ್ಕಳಿಗೇ ಸಮೀಪದೃಷ್ಟಿ ಹೆಚ್ಚು ಏರಿತು. 2002ರ ಸಂಗತಿ ಇದು.

ಮಗಳ ವಿಷಯಕ್ಕೆ ಬರುತ್ತೇನೆ, ಅಲ್ಲಿ ನಿಮ್ಮ ಕೈಯಲ್ಲಿ ಮಾಡುವಂಥದ್ದಿದೆ. ಚೀನಾದ ಗುವಾಂಗ್‌ಜೌ ಶಾಲೆಗಳಲ್ಲಿ ಒಂದನೇ ಕ್ಲಾಸಿನ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚು ಹೊರಗೆ ಬಿಟ್ಟರು. ಮೂರು ವರ್ಷದ ಕೊನೆಗೆ ಅವರಲ್ಲಿ ಶೇ. 30.4 ಮಕ್ಕಳಿಗೆ ಸಮೀಪದೃಷ್ಟಿ ಬಂದಿತ್ತು, ಉಳಿದ ಶಾಲೆಗಳಲ್ಲಿ ಶೇ. 39.5. ಬಾರದಂತೆ ತಡೆಯುವುದಕ್ಕೆ ಬಿಸಿಲು ಒಳ್ಳೆಯದು, ಬಂದ ಮೇಲೆ ಅಷ್ಟು ಉಪಯೋಗವಿಲ್ಲ. ನಮ್ಮಲ್ಲಿ ನಾಲ್ಕು ತಿಂಗಳು ಮಳೆ, ಬಿಸಿಲೆಲ್ಲಿ ಅಂತ ಕೇಳಬೇಡಿ. ಮೋಡದ ಹಗಲಲ್ಲೂ ಅಂಗಳದ ಬೆಳಕು ಒಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಹೆಚ್ಚು. ಮಳೆ ಹನಿ ಕಡಿದ ಕೂಡಲೇ ಇಬ್ಬರನ್ನೂ ಹೊರಗೆ ಓಡಿಸಿ.

ಮಗನ ಪುಸ್ತಕ ಮೊಣಕೈಯಷ್ಟು ದೂರ ಇರಲಿ. ಆರು ತಿಂಗಳಿಗೊಮ್ಮೆ ಕಣ್ಣು ತೋರಿಸಿ. ಬೇಗ ಏರುತ್ತಿದ್ದರೆ ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿಯ ಬಗ್ಗೆ ಡಾಕ್ಟರನ್ನೇ ಕೇಳಿ. ಮಲ್ಪೆಗೆ ಕರೆದುಕೊಂಡು ಹೋಗುವಾಗ ಕನ್ನಡಕಕ್ಕೊಂದು ದಾರ ಕಟ್ಟಿ. ನನ್ನದೊಂದು ಅಲ್ಲೇ ಸಮುದ್ರದ ಪಾಲಾಗಿದೆ.