ಯುದ್ಧ ನಡೆಯುತ್ತಿದ್ದಾಗ ಕುಣಿಯಬಹುದೇ?

ದಾವಣಗೆರೆಯಿಂದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ಮೊಮ್ಮಗಳು ಲ್ಯಾಪ್‌ಟಾಪಿನಲ್ಲಿ ಒಂದು ಹಳೇ ಇಂಗ್ಲಿಷ್ ಸಿನಿಮಾ ನೋಡುತ್ತಿದ್ದಳು. ನಾವಿಕನ ಬಟ್ಟೆ ಹಾಕಿಕೊಂಡ ಒಬ್ಬ ಕಾರ್ಟೂನ್ ಇಲಿಯ ಜೊತೆ ಕುಣಿಯುತ್ತಿದ್ದ. ನಾನೂ ಪಕ್ಕದಲ್ಲಿ ಕೂತು ನೋಡಿದೆ, ನಕ್ಕೆ. ಆಮೇಲೆ ಅದು 1945ರ ಸಿನಿಮಾ ಅಂತ ಗೊತ್ತಾಯಿತು. ನಾನು ಇತಿಹಾಸ ಪಾಠ ಮಾಡಿದವಳು. ಅದು ಹಿರೋಷಿಮಾದ ವರ್ಷ. ಕೋಟಿಗಟ್ಟಲೆ ಜನ ಸಾಯುತ್ತಿದ್ದಾಗ ಇವರಿಗೆ ಕುಣಿಯುವ ಮನಸ್ಸು ಹೇಗೆ ಬಂತು? ಇದು ಜನರ ಕಣ್ಣಿಗೆ ಮಣ್ಣೆರಚಿದ್ದಲ್ಲವೇ? ಅಂಥದ್ದು ಇವತ್ತಿನ ಹುಡುಗಿಗೆ ಯಾಕೆ ಇಷ್ಟು ಹಿಡಿಸುತ್ತದೆ? ಸಿನಿಮಾ ಬಗ್ಗೆ ಇಷ್ಟೆಲ್ಲ ಬರೆಯುವ ನೀವು ಉತ್ತರ ಹೇಳಿ."

ಸಂಪಾದಕರ ಉತ್ತರ

ನಮಸ್ಕಾರ ಮೇಡಂ,

ನೀವು ನೋಡಿದ ಸಿನಿಮಾ 'ಆಂಕರ್ಸ್ ಅವೇ'. ಕುಣಿದವನು ಜೀನ್ ಕೆಲ್ಲಿ. ಆ ಇಲಿ ನಿಮ್ಮ ಮೊಮ್ಮಗಳಿಗೆ ಚೆನ್ನಾಗಿ ಗೊತ್ತಿರುವ ಜೆರ್ರಿ, ಟಾಮ್ ಅಟ್ಟಿಸಿಕೊಂಡು ಹೋಗುವ ಜೆರ್ರಿಯೇ. ಎಂಜಿಎಂ ಸ್ಟುಡಿಯೊ ಇದನ್ನು ಬಿಡುಗಡೆ ಮಾಡಿದ್ದು 1945ರ ಜುಲೈನಲ್ಲಿ. ಹಿರೋಷಿಮಾ ಮೇಲೆ ಬಾಂಬ್ ಬಿದ್ದದ್ದು ಆಗಸ್ಟ್ 6ರಂದು. ನಿಮ್ಮ ಲೆಕ್ಕ ತಪ್ಪಿಲ್ಲ.

ಆದರೆ ಆ ಇಲಿಯ ದೃಶ್ಯ ಕಥೆಯಲ್ಲಿ ಎಲ್ಲಿ ಬರುತ್ತದೆ ಅಂತ ನೆನಪಿಸಿಕೊಳ್ಳಿ. ಕೆಲ್ಲಿಯ ಪಾತ್ರದ ಹೆಸರು ಜೋ. ಯುದ್ಧದಲ್ಲಿ ಜೊತೆಗಾರನ ಜೀವ ಉಳಿಸಿ ಪದಕ ಪಡೆದವನು. ನಾಲ್ಕು ದಿನದ ರಜೆ ಮೇಲೆ ಹಾಲಿವುಡ್‌ಗೆ ಬಂದಿದ್ದಾನೆ. ಒಂದು ಶಾಲೆಗೆ ಹೋದಾಗ ಮಕ್ಕಳಿಗೆ ಆ ಪದಕ ಹೇಗೆ ಸಿಕ್ಕಿತು ಅಂತ ತಿಳಿಯುವ ಆಸೆ. ಜೋ ನಿಜ ಹೇಳುವುದಿಲ್ಲ. ಕೂತಲ್ಲೇ ಒಂದು ಅಡುಗೂಲಜ್ಜಿ ಕಥೆ ಕಟ್ಟುತ್ತಾನೆ. ಒಂದು ರಾಜ್ಯ. ಅಲ್ಲಿ ಯಾರೂ ಹಾಡುವಂತಿಲ್ಲ, ಕುಣಿಯುವಂತಿಲ್ಲ. ಯಾಕೆಂದರೆ ರಾಜನಿಗೆ ಹಾಡು ಬರುವುದಿಲ್ಲ, ಕುಣಿತ ಬರುವುದಿಲ್ಲ, ಆ ಕೊರಗಿನಲ್ಲಿ ಅವನು ಎಲ್ಲರಿಗೂ ಅದನ್ನು ನಿಷೇಧ ಮಾಡಿಬಿಟ್ಟಿದ್ದಾನೆ. ಆ ರಾಜನೇ ಇಲಿ. ಜೋ ಅವನಿಗೆ ಹೆಜ್ಜೆ ಹಾಕಲು ಕಲಿಸುತ್ತಾನೆ. ಪದಕ ಬಂದದ್ದು ಅದಕ್ಕಾಗಿ ಅನ್ನುತ್ತಾನೆ.

ನನಗೆ ಈ ದೃಶ್ಯದಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಕಾಣುತ್ತದೆ. ಯುದ್ಧ ನೋಡಿ ಬಂದ ಮನುಷ್ಯ ಚಿಕ್ಕ ಮಕ್ಕಳ ಎದುರು ಏನು ಹೇಳಬೇಕು? ಗುಂಡು, ರಕ್ತ, ಮುಳುಗುವ ಹಡಗು ಇವನ್ನೆಲ್ಲ ವರ್ಣಿಸಬೇಕೇ? ಅವನು ಅದನ್ನೆಲ್ಲ ತನ್ನೊಳಗೇ ಇಟ್ಟುಕೊಂಡು ಮಕ್ಕಳಿಗೆ ಕುಣಿತ ಕೊಡುತ್ತಾನೆ. ಥಿಯೇಟರಿನಲ್ಲಿ ಕೂತ ದೊಡ್ಡವರಿಗೆ ಮಾತ್ರ ಪದಕದ ನಿಜ ಗೊತ್ತು. ಅವರ ಮಕ್ಕಳು, ಅಣ್ಣತಮ್ಮಂದಿರು, ಗಂಡಂದಿರು ಆಗ ಎಲ್ಲೋ ಸಮುದ್ರದ ಮೇಲಿದ್ದರು. ಆ ಜನರ ಕಣ್ಣಿಗೆ ಮಣ್ಣೆರಚಲು ಯಾರಿಂದಲೂ ಆಗುತ್ತಿರಲಿಲ್ಲ. ಸಾವಿನ ಸುದ್ದಿಯ ತಂತಿ ಬರುತ್ತಿದ್ದದ್ದು ಅವರ ಮನೆಬಾಗಿಲಿಗೇ. ಕೆಲ್ಲಿ ಕೂಡ ಶೂಟಿಂಗ್ ಮುಗಿಸಿ 1944ರ ಕೊನೆಯಲ್ಲಿ ನೌಕಾಪಡೆ ಸೇರಿದ. ಸಿನಿಮಾ ತೆರೆಗೆ ಬಂದಾಗ ಅವನ ಮೈಮೇಲಿದ್ದದ್ದು ನಿಜವಾದ ಯೂನಿಫಾರ್ಮ್.

ಯುದ್ಧಕಾಲದ ಈ ಹಾಡು-ಕುಣಿತದ ಹಾಲಿವುಡ್ ಸಿನಿಮಾಗಳು ಯುದ್ಧವನ್ನು ಮರೆತವರು ಮಾಡಿದವು ಅಂತ ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ಸ್ವಲ್ಪ ಹತ್ತಿರದಿಂದ ನೋಡಿದರೆ ಯುದ್ಧ ಅವುಗಳ ಮೂಳೆಯಲ್ಲೇ ಇದೆ. ಕಥೆಗಳಲ್ಲಿ ಯಾಕೆ ಅಷ್ಟು ಆತುರ? ಹುಡುಗ ಹುಡುಗಿ ಬೆಳಿಗ್ಗೆ ಸಿಕ್ಕಿ ಸಂಜೆಗೆ ಪ್ರೀತಿಗೆ ಬೀಳುವುದು ಯಾಕೆ? ಯಾಕೆಂದರೆ ಅವನ ರಜೆ ಮುಗಿಯುತ್ತದೆ. ಒಂದು ದಿನ, ಎರಡು ದಿನ, ಹೆಚ್ಚೆಂದರೆ ಒಂದು ವಾರ. ಆಮೇಲೆ ಹಡಗು ಹೊರಡುತ್ತದೆ. ಆ ಗಡುವು ತೆಗೆದರೆ ಅರ್ಧ ಸಿನಿಮಾಗಳಿಗೆ ಕಥೆಯೇ ಉಳಿಯುವುದಿಲ್ಲ.

1943ರ 'ದ ಸ್ಕೈಸ್ ದ ಲಿಮಿಟ್' ನೋಡಿ. ಫ್ರೆಡ್ ಆಸ್ಟೇರ್ ಇದರಲ್ಲಿ ಫ್ಲೈಯಿಂಗ್ ಟೈಗರ್ಸ್ ದಳದ ಪೈಲಟ್. ಬರ್ಮಾ ಮತ್ತು ಚೀನಾದ ಆಕಾಶದಲ್ಲಿ ಜಪಾನಿ ವಿಮಾನಗಳ ಜೊತೆ ಕಾದಾಡಿದ ಅಮೆರಿಕನ್ ಸ್ವಯಂಸೇವಕರ ದಳ ಅದು. (ಆ ಕಡೆಯ ರಣರಂಗದ ಅಮೆರಿಕನ್ ವಿಮಾನಗಳು 1943ರಿಂದ ದೊಡ್ಡ ರಿಪೇರಿಗೆ ಬರುತ್ತಿದ್ದದ್ದು ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ. ನಾವು ಅಂದುಕೊಂಡಷ್ಟು ದೂರದ ಕಥೆ ಏನಲ್ಲ.) ಪ್ರಚಾರ ಪ್ರವಾಸ ಬೇಸರವಾಗಿ ಈ ಪೈಲಟ್ ತಪ್ಪಿಸಿಕೊಂಡು ನ್ಯೂಯಾರ್ಕ್ ಸೇರುತ್ತಾನೆ. ತಾನು ಯಾರು ಅಂತ ಹೇಳದೆ ಒಬ್ಬ ಫೋಟೊಗ್ರಾಫರ್ ಹುಡುಗಿಯ ಹಿಂದೆ ಬೀಳುತ್ತಾನೆ. ಅವಳಿಗೆ ಇವನು ಕೆಲಸವಿಲ್ಲದ ಸೋಮಾರಿ ಅನ್ನಿಸುತ್ತದೆ. ಪಾಪ, ಇವನಿಗೊಂದು ಕೆಲಸ ಕೊಡಿಸಲು ಒದ್ದಾಡುತ್ತಾಳೆ. ಇದೆಲ್ಲ ಚೆನ್ನಾದ ಹಾಸ್ಯ. ಆಮೇಲೆ ಒಂದು ರಾತ್ರಿ ಅವನು ಬಾರಿನಲ್ಲಿ ಒಬ್ಬನೇ ಕುಡಿದು ಹಾಡುತ್ತಾನೆ. ಕೌಂಟರ್ ಮೇಲೆ ಹತ್ತಿ ಬೂಟಿನ ಸದ್ದಿನಲ್ಲೇ ತಾಳ ಹಾಕುವ ಟ್ಯಾಪ್ ಕುಣಿಯುತ್ತಾನೆ. ಸಾಲಾಗಿ ಜೋಡಿಸಿದ ಗ್ಲಾಸುಗಳನ್ನು ಕಾಲಿನಿಂದ ಒದ್ದು ಪುಡಿ ಮಾಡುತ್ತಾನೆ. ಆಸ್ಟೇರ್ ಅಂದರೆ ಸೂಟು, ಟೋಪಿ, ಗಾಳಿಯಲ್ಲಿ ತೇಲುವಂಥ ನಡಿಗೆ. ಅಂಥವನ ಕಾಲಿಂದ ಗಾಜು ಒಡೆಯುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಆ ದೃಶ್ಯದಲ್ಲಿ ಯುದ್ಧದ ಬಗ್ಗೆ ಒಂದು ಭಾಷಣವೂ ಇಲ್ಲ. ವಾಪಸ್ ಹೋಗಬೇಕಾದವನ ಸಿಟ್ಟು, ಭಯ ಎಲ್ಲವೂ ಆ ಕಾಲಲ್ಲಿದೆ. ಕೊನೆಯಲ್ಲಿ ಮದುವೆಯೂ ಇಲ್ಲ. ಅವನು ವಿಮಾನ ಹತ್ತಿ ಹೋಗುತ್ತಾನೆ, ಅಷ್ಟೇ.

ಹೆಂಗಸರ ಕಡೆಯಿಂದ ಇದೇ ಮಾತನ್ನು ಇನ್ನೊಂದು ಹಾಡು ಹೇಳುತ್ತದೆ. 1943ರದ್ದೇ 'ಥ್ಯಾಂಕ್ ಯುವರ್ ಲಕಿ ಸ್ಟಾರ್ಸ್'. ಬೆಟಿ ಡೇವಿಸ್ ಹಾಡುಗಾರ್ತಿ ಅಲ್ಲವೇ ಅಲ್ಲ. ಗಂಭೀರ ಪಾತ್ರಗಳಿಗೆ ಎರಡು ಆಸ್ಕರ್ ಗೆದ್ದವಳು. ಇಲ್ಲಿ ತನ್ನ ಒರಟು ದನಿಯಲ್ಲಿ ಹಾಡುತ್ತಾಳೆ: ಊರಲ್ಲಿ ಉಳಿದ ಗಂಡಸರೆಲ್ಲ ಒಂದೋ ತೀರಾ ಎಳಸು, ಇಲ್ಲವೇ ತೀರಾ ಮುದುಕರು, ಬಾಕಿಯವರು ಸೈನ್ಯಕ್ಕೆ ಹೋಗಿದ್ದಾರೆ. ನಂತರ ಒಬ್ಬ ಎಳೇ ಹುಡುಗ ಅವಳನ್ನು ಎಳೆದಾಡಿ, ಎತ್ತಿ ತಿರುಗಿಸಿ ಕುಣಿಸುತ್ತಾನೆ. ಜನ ಬಿದ್ದು ಬಿದ್ದು ನಕ್ಕರು. ನಕ್ಕವರಲ್ಲಿ ಎಷ್ಟೋ ಜನ ಆ ದಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದ ಹೆಂಗಸರು, ರಾತ್ರಿ ಒಬ್ಬರೇ ಮಲಗುವವರು. ತಮ್ಮದೇ ಕಥೆಯನ್ನು ಇನ್ನೊಬ್ಬಳು ತಮಾಷೆಯಾಗಿ ಹೇಳಿದಾಗ ಸಿಗುವ ಸಮಾಧಾನ ಸಣ್ಣದಲ್ಲ ಮೇಡಂ.

ಇದೇ ಬೆಟಿ ಡೇವಿಸ್, ನಟ ಜಾನ್ ಗಾರ್ಫೀಲ್ಡ್ ಜೊತೆ ಸೇರಿ 1942ರ ಅಕ್ಟೋಬರ್ 3ರಂದು 'ಹಾಲಿವುಡ್ ಕ್ಯಾಂಟೀನ್' ಶುರು ಮಾಡಿದಳು. ಯುದ್ಧಕ್ಕೆ ಹೊರಟ ಸೈನಿಕರಿಗೆ ಊಟ, ಸಂಗೀತ, ಕುಣಿತ ಎಲ್ಲ ಉಚಿತ. ಮೈಮೇಲಿನ ಯೂನಿಫಾರ್ಮೇ ಟಿಕೆಟ್. ಬಡಿಸುವವರು, ಪಾತ್ರೆ ತೊಳೆಯುವವರು, ಜೊತೆಗೆ ಕುಣಿಯುವವರು ಸಿನಿಮಾ ಮಂದಿ. ಅಮೆರಿಕದ ಸೈನ್ಯದಲ್ಲೇ ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ದಳಗಳಿದ್ದ ಕಾಲ ಅದು. ಈ ಕ್ಯಾಂಟೀನಿಗೆ ಮಾತ್ರ ಎಲ್ಲರೂ ಒಂದೇ ಬಾಗಿಲಿನಿಂದ ಬಂದರು. 1945ರ ನವೆಂಬರ್‌ವರೆಗೆ ಅದು ನಡೆಯಿತು. 'ಥ್ಯಾಂಕ್ ಯುವರ್ ಲಕಿ ಸ್ಟಾರ್ಸ್'ನಲ್ಲಿ ದೊಡ್ಡ ತಾರೆಯರಿಗೆ ಕೊಟ್ಟ ತಲಾ 50,000 ಡಾಲರ್ ಸಂಭಾವನೆ ಹೋದದ್ದೂ ಈ ಕ್ಯಾಂಟೀನಿಗೇ.

ಇನ್ನು ಸೈನಿಕರ ಮಾತು. ಹೊಸ ಸಿನಿಮಾಗಳ 16 ಎಂಎಂ ಪ್ರಿಂಟುಗಳನ್ನು ಹಾಲಿವುಡ್ ಸೈನ್ಯಕ್ಕೆ ಪುಕ್ಕಟೆಯಾಗಿ ಕೊಟ್ಟಿತು. ಪೆಸಿಫಿಕ್ ದ್ವೀಪಗಳಲ್ಲಿ, ಹಡಗಿನ ಡೆಕ್ ಮೇಲೆ, ಮರಗಳ ನಡುವೆ ಪರದೆ ಕಟ್ಟಿ ತೋರಿಸುತ್ತಿದ್ದರು. ಅವರು ಇಷ್ಟಪಟ್ಟದ್ದು ಹಾಡು-ಹಾಸ್ಯದ ಸಿನಿಮಾಗಳನ್ನೇ. ಸ್ಟುಡಿಯೊದಲ್ಲಿ ಕಟ್ಟಿದ ಯುದ್ಧದ ಕಥೆಗಳು ಅಷ್ಟಾಗಿ ರುಚಿಸಲಿಲ್ಲ. ಸಹಜ ಅಲ್ವಾ? ಯುದ್ಧ ಹೇಗಿರುತ್ತದೆ ಅಂತ ಅವರಿಗೆ ಯಾರೂ ತೋರಿಸಬೇಕಿರಲಿಲ್ಲ. ಹಿಂತಿರುಗಿ ಹೋಗಬೇಕಾದ ಊರು ಹೇಗಿದೆ ಅನ್ನುವುದೇ ಅವರಿಗೆ ಬೇಕಾಗಿತ್ತು.

ಆದರೆ ಎಲ್ಲವನ್ನೂ ಹೊಗಳಿ ನಿಮ್ಮ ಪ್ರಶ್ನೆಯನ್ನು ಮುಗಿಸಿಬಿಡಲಾರೆ. ಅಮೆರಿಕ ಸರ್ಕಾರದ ಯುದ್ಧ ಮಾಹಿತಿ ಕಚೇರಿ 1942ರಲ್ಲಿ ಸಿನಿಮಾದವರಿಗೆ ಒಂದು ಕೈಪಿಡಿ ಕೊಟ್ಟಿತು. ಅದರಲ್ಲಿದ್ದ ಮುಖ್ಯ ಪ್ರಶ್ನೆ: ಈ ಸಿನಿಮಾ ಯುದ್ಧ ಗೆಲ್ಲಲು ನೆರವಾಗುತ್ತದೆಯೇ? ಆದ್ದರಿಂದ ಪ್ರಚಾರ ಇತ್ತು, ಯುದ್ಧದ ಖರ್ಚಿಗೆ ಜನರಿಂದ ಸಾಲ ಎತ್ತುವ ಬಾಂಡುಗಳ ಮಾರಾಟ ಇತ್ತು. ಕ್ಯಾಂಟೀನಿನ ಹೆಸರಲ್ಲೇ 1944ರಲ್ಲಿ ಬಂದ ಸಿನಿಮಾ ನನಗೆ ಸಪ್ಪೆ ಅನ್ನಿಸುತ್ತದೆ. ಅದರಲ್ಲಿ ಹಾಲಿವುಡ್ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವುದು ಜಾಸ್ತಿ. ಇನ್ನೂ ಕಹಿಯಾದದ್ದಿದೆ. 1942ರ 'ಹಾಲಿಡೇ ಇನ್' ಎಷ್ಟು ಇಂಪಾದ ಸಿನಿಮಾ! ಇರ್ವಿಂಗ್ ಬರ್ಲಿನ್ ಬರೆದ, ಬಿಂಗ್ ಕ್ರಾಸ್ಬಿ ಹಾಡಿದ ಬಿಳಿ ಕ್ರಿಸ್‌ಮಸ್ಸಿನ ಹಾಡು ಬಂದದ್ದು ಅದರಲ್ಲೇ. ಅದೇ ಸಿನಿಮಾದಲ್ಲಿ ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಕರಿಯರನ್ನು ಅಣಕಿಸುವ ಒಂದು ಹಾಡೂ ಇದೆ. ಅದನ್ನು ನೋಡುವಾಗ ನಾಚಿಕೆಯಾಗುತ್ತದೆ, ಆಗಬೇಕು. ಎಂಜಿಎಂನಲ್ಲಿ ಲೀನಾ ಹಾರ್ನ್ ಅನ್ನುವ ಅದ್ಭುತ ಕರಿಯ ಗಾಯಕಿ ಇದ್ದಳು. ಅವಳ ಹಾಡುಗಳನ್ನು ಕಥೆಗೆ ಸೇರಿಸದೆ ಬೇರೆಯಾಗಿಯೇ ಇಡುತ್ತಿದ್ದರು. ಕರಿಯರನ್ನು ತೆರೆಯ ಮೇಲೆ ಸಹಿಸದ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕತ್ತರಿಸಿ ಹಾಕಲು ಅನುಕೂಲವಾಗಲಿ ಅಂತ. 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಆ ಯುದ್ಧದ ಸಂಕಟದಲ್ಲಿ ಅದೂ ಸೇರಿದೆ. ಈ ಸಿನಿಮಾಗಳ ಕಣ್ಣಿಗೆ ಅದು ಬೀಳಲೇ ಇಲ್ಲ. ಇತಿಹಾಸದ ಮೇಡಂ ಆಗಿ ನೀವು ಅದನ್ನು ಮೊಮ್ಮಗಳಿಗೆ ಹೇಳಿ. ಹೇಳಿದ ಮೇಲೂ ಸಿನಿಮಾ ನೋಡಲಿ.

ಈಗ ನಿಮ್ಮ ಎರಡನೇ ಪ್ರಶ್ನೆ: ಇವತ್ತಿನ ಹುಡುಗಿಗೆ ಇದು ಯಾಕೆ ಹಿಡಿಸುತ್ತದೆ?

ಅವಳು ದಿನವೂ ಫೋನಿನಲ್ಲಿ ಕುಣಿತ ನೋಡುತ್ತಾಳೆ. ಅಲ್ಲಿ ಎರಡು ಸೆಕೆಂಡಿಗೊಂದು ಕಟ್. ಕಾಲು ಒಂದು ಕಡೆ, ಮುಖ ಇನ್ನೊಂದು ಕಡೆ. ಕೆಲ್ಲಿ, ಆಸ್ಟೇರ್ ಕುಣಿಯುವಾಗ ಕ್ಯಾಮೆರಾ ದೂರ ನಿಂತು ತಲೆಯಿಂದ ಕಾಲಿನವರೆಗೆ ಪೂರ್ತಿ ಆಳನ್ನು ತೋರಿಸುತ್ತದೆ, ಸಾಧ್ಯವಾದಷ್ಟು ಹೊತ್ತು ಕತ್ತರಿಸದೆ. ಮೋಸಕ್ಕೆ ಜಾಗವಿಲ್ಲ. ಆ ಮನುಷ್ಯ ನಿಜಕ್ಕೂ ಅಷ್ಟನ್ನು ಮಾಡಿದ ಅನ್ನುವುದು ನೋಡುವವರ ಮೈಗೆ ತಿಳಿಯುತ್ತದೆ. ಅದಕ್ಕೇ ನಗು ಬರುತ್ತದೆ, ಅದಕ್ಕೇ ಕಣ್ಣು ತುಂಬುತ್ತದೆ.

'ಆಂಕರ್ಸ್ ಅವೇ'ಯಲ್ಲಿ ಫ್ರಾಂಕ್ ಸಿನಾತ್ರನನ್ನು ಗಮನಿಸಿ. ಅವನು ಗಾಯಕ, ಕುಣಿಯುವವನಲ್ಲ. ಕೆಲ್ಲಿ ಅವನನ್ನು ವಾರಗಟ್ಟಲೆ ತಾಲೀಮು ಮಾಡಿಸಿದ. ಇಬ್ಬರೂ ಜೊತೆಯಾಗಿ ಕುಣಿಯುವಾಗ ಸಿನಾತ್ರನ ಮುಖದಲ್ಲಿ ಹೆಜ್ಜೆ ತಪ್ಪಬಾರದು ಅನ್ನುವ ಎಚ್ಚರ ಕಾಣುತ್ತದೆ. ನನಗೆ ಅದು ಬಹಳ ಇಷ್ಟ. ಇಲಿಯ ಕುಣಿತದಲ್ಲಿ ಕೆಲ್ಲಿ ಮೊದಲು ಖಾಲಿ ಜಾಗದ ಜೊತೆ ಒಬ್ಬನೇ ಕುಣಿದ. ಆಮೇಲೆ ಜೋಸೆಫ್ ಬಾರ್ಬೆರಾ ಮತ್ತು ವಿಲಿಯಂ ಹಾನ್ನಾ ಅವರ ತಂಡ ಒಂದೊಂದೇ ಚಿತ್ರ ಬರೆದು ಇಲಿಯನ್ನು ಕೂರಿಸಿತು. ನುಣುಪು ನೆಲದಲ್ಲಿ ಕೆಲ್ಲಿಯ ಪ್ರತಿಬಿಂಬ ಕಾಣುತ್ತಿತ್ತು. ಹಾಗಾಗಿ ಇಲಿಯ ಪ್ರತಿಬಿಂಬವನ್ನೂ ಬರೆಯಬೇಕಾಯಿತು. ಮೊಮ್ಮಗಳಿಗೆ ಮತ್ತೊಮ್ಮೆ ನೆಲ ನೋಡಲು ಹೇಳಿ.

ಈ ಶ್ರಮದ ಹಿಂದೆ ಯುದ್ಧಕಾಲದ ಕೊರತೆ ಇತ್ತು ಅನ್ನುವುದನ್ನೂ ಸೇರಿಸಬೇಕು. 1942ರಲ್ಲಿ ಒಂದು ಸಿನಿಮಾದ ಸೆಟ್ಟುಗಳಿಗೆ ಹೊಸ ಸಾಮಾನು 5,000 ಡಾಲರ್ ಮೀರಬಾರದು ಅಂತ ಸರ್ಕಾರ ಮಿತಿ ಹಾಕಿತು. ಕಚ್ಚಾ ಫಿಲಂ ಕೂಡ ರೇಷನ್. ನಮ್ಮಲ್ಲೂ ಅದೇ ಕಷ್ಟ. ಫಿಲಂ ಹೊರದೇಶದಿಂದ ಹಡಗಿನಲ್ಲಿ ಬರಬೇಕಿತ್ತು, ಆದ್ದರಿಂದ ಇಲ್ಲಿನ ಸರ್ಕಾರವೂ ಒಂದು ಸಿನಿಮಾ 11,000 ಅಡಿ ಮೀರಬಾರದು ಅಂದಿತ್ತು. ಅಮೆರಿಕದ ವಾದ್ಯಗಾರರ ಸಂಘ 1942ರ ಆಗಸ್ಟ್‌ನಿಂದ ಗ್ರಾಮಫೋನ್ ಕಂಪನಿಗಳ ವಿರುದ್ಧ ಮುಷ್ಕರ ಹೂಡಿತು. ದೊಡ್ಡ ಕಂಪನಿಗಳ ಜೊತೆ ಅದು ಪೂರ್ತಿ ಮುಗಿದದ್ದು 1944ರ ನವೆಂಬರಿನಲ್ಲಿ. ಅಷ್ಟು ಕಾಲ ಪೂರ್ಣ ವಾದ್ಯವೃಂದದ ಹೊಸ ಹಾಡನ್ನು ರೆಕಾರ್ಡಿನಲ್ಲಿ ಕೇಳುವುದು ಕಷ್ಟವಾಯಿತು. ಸಿನಿಮಾಕ್ಕೆ ಆ ತಡೆ ಇರಲಿಲ್ಲ. ಒಳ್ಳೊಳ್ಳೆಯ ಬ್ಯಾಂಡುಗಳು ಈ ಸಿನಿಮಾಗಳಲ್ಲಿ ಅಷ್ಟು ಹುರುಪಿನಿಂದ ಸಿಗುವುದು ನಮ್ಮ ಭಾಗ್ಯ.

ಒಂದು ಸಿನಿಮಾದಲ್ಲಿ ಯುದ್ಧದ ಹೆಸರೇ ಇಲ್ಲ. 1944ರ 'ಮೀಟ್ ಮಿ ಇನ್ ಸೇಂಟ್ ಲೂಯಿಸ್'. ಕಥೆ ಶುರುವಾಗುವುದು 1903ರಲ್ಲಿ. ಅಪ್ಪನಿಗೆ ನ್ಯೂಯಾರ್ಕಿನಲ್ಲಿ ಕೆಲಸ, ಮನೆಮಂದಿಗೆ ಊರು ಬಿಡಲು ಮನಸ್ಸಿಲ್ಲ, ಅಷ್ಟೇ ಕಥೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಅಕ್ಕ ಜೂಡಿ ಗಾರ್ಲೆಂಡ್ ಅಳುತ್ತಿರುವ ಪುಟ್ಟ ತಂಗಿಗೆ ಒಂದು ಹಾಡು ಹೇಳುತ್ತಾಳೆ. ಆ ಹಾಡಿನ ಮೊದಲ ಸಾಲುಗಳು ತೀರಾ ಕತ್ತಲೆಯಾಗಿದ್ದವು. ಇದೇ ನಿನ್ನ ಕೊನೆಯ ಕ್ರಿಸ್‌ಮಸ್ ಇರಬಹುದು ಅನ್ನುವ ಅರ್ಥ. ಮಗುವಿಗೆ ಇದನ್ನು ಹಾಡಲಾರೆ ಅಂತ ಗಾರ್ಲೆಂಡ್ ಹಟ ಹಿಡಿದಳು, ಹಾಡು ಬರೆದ ಹ್ಯೂ ಮಾರ್ಟಿನ್ ಅದನ್ನು ಬದಲಿಸಿದರು. ಆದರೂ ಒಂದು ಸಾಲು ಉಳಿಯಿತು: ಮತ್ತೆ ಎಲ್ಲರೂ ಒಟ್ಟಾಗುವವರೆಗೆ ಹೇಗೋ ದಿನ ದೂಡಬೇಕು. ಹಾಡು ಮುಗಿದ ಮೇಲೆ ಆ ಮಗು ಅಂಗಳಕ್ಕೆ ಓಡಿ, ತಾನೇ ಮಾಡಿದ ಹಿಮದ ಬೊಂಬೆಗಳನ್ನು ಹೊಡೆದು ಕೆಡವುತ್ತದೆ. 1944ರ ಚಳಿಗಾಲದಲ್ಲಿ, ಮನೆಯ ಒಂದು ಕುರ್ಚಿ ಖಾಲಿ ಇದ್ದವರು ಇದನ್ನು ಸುಮ್ನೆ ಹಳೇ ಕಾಲದ ಕಥೆ ಅಂತ ನೋಡಿರಲಾರರು.

ನೀವಿಬ್ಬರೂ ಇನ್ನೂ ನೋಡುವುದಾದರೆ ಮೊದಲು ಆಸ್ಟೇರ್‌ನ ಆ ಬಾರಿನ ದೃಶ್ಯ ನೋಡಿ. ಆಮೇಲೆ 1943ರ 'ಸ್ಟಾರ್ಮಿ ವೆದರ್'. ಕಥೆ ತೆಳು, ಪರವಾಗಿಲ್ಲ. ಅದರಲ್ಲಿ ಲೀನಾ ಹಾರ್ನ್ ಇದ್ದಾಳೆ, ಇಲ್ಲಿ ಅವಳೇ ನಾಯಕಿ. ಕೊನೆಯ ಭಾಗದಲ್ಲಿ ಕ್ಯಾಬ್ ಕ್ಯಾಲೋವೇಯ ಬ್ಯಾಂಡು ನುಡಿಸುತ್ತಿರುವಾಗ ನಿಕೋಲಸ್ ಸಹೋದರರು, ಫೇಯಾರ್ಡ್ ಮತ್ತು ಹೆರಾಲ್ಡ್, ಬರುತ್ತಾರೆ. ದೊಡ್ಡ ದೊಡ್ಡ ಮೆಟ್ಟಿಲುಗಳ ಮೇಲೆ ಒಬ್ಬನ ತಲೆ ಮೇಲಿಂದ ಇನ್ನೊಬ್ಬ ಹಾರಿ, ಕಾಲು ಪೂರ್ತಿ ಚಾಚಿ ಕೆಳಗಿನ ಮೆಟ್ಟಿಲಿಗೆ ಬೀಳುತ್ತಾನೆ. ಎದ್ದು ನಿಲ್ಲುವಷ್ಟರಲ್ಲಿ ಮೊದಲನೆಯವನು ಇವನ ಮೇಲಿಂದ ಹಾರಿರುತ್ತಾನೆ. ಕೆಳಗಿನವರೆಗೆ ಹೀಗೇ. ಮೊಮ್ಮಗಳು ಅದನ್ನು ಎರಡನೇ ಸಲ ಹಾಕುತ್ತಾಳೆ ಅಂತ ನನಗೆ ನಂಬಿಕೆ ಇದೆ. ನೋಡಿದ ಮೇಲೆ ಏನನ್ನಿಸಿತು ಅಂತ ಅವಳಿಂದಲೇ ನಮಗೊಂದು ಪತ್ರ ಬರೆಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.

ಸಂಪಾದಕ