ಬ್ರೇಕ್ ಕ್ಯಾಲಿಪರ್‌ಗೆ ಮನೆಯಲ್ಲೇ ಬಣ್ಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಕಾರಿಗೆ ಏಳು ವರ್ಷವಾಗಿದೆ. ಮಳೆಗಾಲದಲ್ಲಿ ಊರಿಗೆ, ಅಂದರೆ ಕುಂದಾಪುರಕ್ಕೆ ಹೋಗಿ ಬಂದ ಮೇಲೆ, ಅಲಾಯ್ ಚಕ್ರಗಳ ಸಂದಿನಿಂದ ಕಾಣುವ ಮುಂದಿನ ಬ್ರೇಕ್ ಕ್ಯಾಲಿಪರ್‌ಗಳು ತುಕ್ಕು ಹಿಡಿದು ಕಂದಾಗಿವೆ. ಗ್ಯಾರೇಜಿನಲ್ಲಿ ಬಣ್ಣ ಹಚ್ಚಿಕೊಡಲು ಹೇಳಿದ ದರ ನನಗೆ ದುಬಾರಿ ಎನಿಸಿತು. ಸೊಸೈಟಿಯ ಪಾರ್ಕಿಂಗ್‌ನಲ್ಲಿ ನಾನೇ ಹಚ್ಚಬಹುದೇ? ಬಾಲ್ಕನಿಯ ಗ್ರಿಲ್ಲಿಗೆ ತಂದ ಕೆಂಪು ಎನಾಮಲ್ ಅರ್ಧ ಡಬ್ಬಿ ಉಳಿದಿದೆ, ಅದು ನಡೆಯುತ್ತದೆಯೇ?
– ಒಬ್ಬ ಓದುಗರು, ಡೊಂಬಿವಲಿ

ಉತ್ತರ: ಧಾರಾಳವಾಗಿ ಹಚ್ಚಬಹುದು, ಆದರೆ ಗ್ರಿಲ್ಲಿನ ಎನಾಮಲ್ ಗ್ರಿಲ್ಲಿಗೇ ಇರಲಿ. ಬ್ರೇಕ್ ಎಂಬುದು ಓಡುವ ಗಾಡಿಯ ವೇಗವನ್ನು ಶಾಖವಾಗಿ ಮಾರ್ಪಡಿಸುವ ಸಾಧನ. ಚಕ್ರದ ಜೊತೆ ತಿರುಗುವ ತಟ್ಟೆಯೇ ಡಿಸ್ಕ್, ಅದರ ಎರಡೂ ಬದಿಗೆ ಪ್ಯಾಡ್‌ಗಳನ್ನು ಒತ್ತಿ ಹಿಡಿಯುವ ಇಕ್ಕಳವೇ ಕ್ಯಾಲಿಪರ್. ತುಂಬಿದ ಕಾರಿನಲ್ಲಿ ಖಂಡಾಲಾ ಘಾಟಿಯನ್ನು ಬ್ರೇಕ್ ಒತ್ತುತ್ತಲೇ ಇಳಿದರೆ ಡಿಸ್ಕ್ 300 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಅದನ್ನು ತಬ್ಬಿ ಕೂತ ಕ್ಯಾಲಿಪರ್ ಅಷ್ಟು ಕಾಯುವುದಿಲ್ಲವಾದರೂ, ಗ್ರಿಲ್ಲಿನ ಬಣ್ಣ ಮೊದಲು ಕಂದಿ ಆಮೇಲೆ ಹಪ್ಪಳದಂತೆ ಮೇಲೇಳಲು ಆ ಬಿಸಿ ಸಾಕು. ಶಾಖದಷ್ಟೇ ದೊಡ್ಡ ಶತ್ರು ಬ್ರೇಕ್ ಆಯಿಲ್. ನಮ್ಮ ಕಾರುಗಳಲ್ಲಿ ಬಳಸುವ ಡಾಟ್ 3, ಡಾಟ್ 4 ಆಯಿಲ್‌ಗಳು ಗ್ಲೈಕಾಲ್ ಜಾತಿಯವು. ಒಂದು ಹನಿ ಬಿದ್ದು ಸ್ವಲ್ಪ ಹೊತ್ತು ನಿಂತರೆ ಸಾಮಾನ್ಯ ಬಣ್ಣ ಮೆತ್ತಗಾಗಿ ಬೆರಳಿಗೆ ಅಂಟಿಕೊಂಡು ಬರುತ್ತದೆ.

ಆದ್ದರಿಂದ ಕ್ಯಾಲಿಪರ್‌ಗೆಂದೇ ತಯಾರಿಸಿದ ಬಣ್ಣವನ್ನು ಕೊಳ್ಳಿರಿ. ಕುರ್ಲಾದ ಸಿಎಸ್‌ಟಿ ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ ನೋಡಬಹುದು. ಅಲ್ಲಿ ಯಾರಾದರೂ ‘ಇದು 600 ಡಿಗ್ರಿ ತಡೆಯುತ್ತದೆ, ಇನ್ನೂ ಗಟ್ಟಿ’ ಎಂದು ಸೈಲೆನ್ಸರ್ ಬಣ್ಣವನ್ನು ಕೈಗಿತ್ತರೆ ಮರುಳಾಗಬೇಡಿ. ಆ ಬಗೆಯ ಬಣ್ಣ ಪೂರ್ತಿ ಗಟ್ಟಿಯಾಗಬೇಕಾದರೆ ಅದನ್ನು ಚೆನ್ನಾಗಿ ಕಾಯಿಸಬೇಕು. ಸೈಲೆನ್ಸರ್ ಚೆನ್ನಾಗಿ ಕಾದು ತನ್ನ ಬಣ್ಣವನ್ನು ತಾನೇ ಬೇಯಿಸಿಕೊಳ್ಳುತ್ತದೆ. ಊರಿನೊಳಗೆ ಓಡಾಡುವ ಕಾರಿನ ಕ್ಯಾಲಿಪರ್‌ಗೆ ಆ ಭಾಗ್ಯವಿಲ್ಲ, ಹೀಗಾಗಿ ಬಣ್ಣ ತಿಂಗಳುಗಟ್ಟಲೆ ಅರೆಬೆಂದೇ ಉಳಿದು ಉಗುರಿಗೆ ಕಿತ್ತು ಬರುತ್ತದೆ.

ಸ್ಪ್ರೇ ಬೇಕೋ ಬ್ರಷ್ ಬೇಕೋ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸೊಸೈಟಿಯ ಪಾರ್ಕಿಂಗ್‌ನಲ್ಲಿ ಬ್ರಷ್ಷೇ ಲೇಸು. ಸ್ಪ್ರೇಯ ಕೆಂಪು ಮಂಜು ಗಾಳಿಗೆ ಹಾರಿ ಪಕ್ಕದವರ ಬಿಳಿ ಕಾರಿನ ಬಾಗಿಲ ಮೇಲೆ ಕೂತರೆ, ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ನಿಮ್ಮ ಫ್ಲ್ಯಾಟಿನ ನಂಬರ್ ಇರುತ್ತದೆ.

ಇಡೀ ಕೆಲಸದಲ್ಲಿ ಬಣ್ಣ ಹಚ್ಚುವುದು ಅರ್ಧ ಗಂಟೆಯದು, ಉಳಿದ ಸಮಯವೆಲ್ಲ ತೊಳೆಯಲು ಹೋಗುತ್ತದೆ. ಚಕ್ರದ ನಟ್‌ಗಳನ್ನು ನೆಲದ ಮೇಲಿರುವಾಗಲೇ ತುಸು ಸಡಿಲಿಸಿ, ಉಳಿದ ಚಕ್ರಗಳಿಗೆ ಇಟ್ಟಿಗೆ ಒತ್ತು ಕೊಟ್ಟು, ಆಮೇಲೆ ಗಾಡಿಯನ್ನು ಎತ್ತಿರಿ. ಕಾರಿನ ಜೊತೆ ಬಂದ ಜ್ಯಾಕ್ ಸ್ಟೆಪ್ನಿ ಬದಲಿಸುವಷ್ಟು ಹೊತ್ತಿಗೆ ಮಾತ್ರ. ಗಂಟೆಗಟ್ಟಲೆಯ ಕೆಲಸಕ್ಕೆ, ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಜ್ಯಾಕ್ ಸ್ಟ್ಯಾಂಡ್ ಬೇಕೇ ಬೇಕು. ಕ್ಯಾಲಿಪರ್ ಪೂರ್ತಿ ತಣ್ಣಗಾಗಿರಲಿ. ಅದರ ಮೇಲಿನ ಕಪ್ಪು ಧೂಳನ್ನು ಬಾಯಿಂದಾಗಲಿ ಏರ್ ಹಿಡಿದಾಗಲಿ ಊದಬೇಡಿ. ಅಗ್ಗದ ಪ್ಯಾಡ್‌ಗಳಲ್ಲಿ ಏನೇನು ಬೆರೆತಿದೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ಮಾಸ್ಕ್ ಕಟ್ಟಿಕೊಂಡು, ಒದ್ದೆ ಮಾಡಿ ಒರೆಸಿ ತೆಗೆಯಿರಿ. ಬಳಿಕ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ, ಹಳೆಯ ನುಣುಪು ಇರುವೆಡೆ 120 ನಂಬರಿನ ಪಾಲಿಶ್ ಪೇಪರಿನಿಂದ ಒರಟು ಮಾಡಿ, ಕೊನೆಗೆ ಬ್ರೇಕ್ ಕ್ಲೀನರ್ ಸಿಂಪಡಿಸಿ ಬಿಳಿ ಬಟ್ಟೆಯಿಂದ ಒರೆಸಿರಿ. ಬಟ್ಟೆಯಲ್ಲಿ ಕಪ್ಪು ಮೂಡದಿದ್ದಾಗ ಮಾತ್ರ ಬಣ್ಣದ ಡಬ್ಬಿ ತೆರೆಯಬೇಕು. ಸೀಮೆಎಣ್ಣೆಯಿಂದ ತೊಳೆಯುವ ಹಳೆಯ ರೂಢಿ ಇಲ್ಲಿ ಸಲ್ಲದು, ಏಕೆಂದರೆ ಅದು ಜಿಡ್ಡನ್ನು ಉಳಿಸುತ್ತದೆ, ಸಾಲದ್ದಕ್ಕೆ ಬ್ರೇಕಿನ ರಬ್ಬರ್ ಸೀಲುಗಳನ್ನು ಉಬ್ಬಿಸುತ್ತದೆ.

ಎಲ್ಲಿ ಬಣ್ಣ ತಾಗಬಾರದು ಎಂಬುದೇ ಮುಖ್ಯ ವಿಷಯ. ಬ್ಲೀಡರ್ ನಿಪ್ಪಲ್ (ಆಯಿಲಿನಲ್ಲಿ ಸೇರಿದ ಗಾಳಿಯನ್ನು ಹೊರಬಿಡುವ ಪುಟ್ಟ ತಿರುಪು), ಆಯಿಲ್ ತರುವ ಬ್ರೇಕ್ ಹೋಸ್, ಕ್ಯಾಲಿಪರ್ ಜಾರಾಡುವ ಗೈಡ್ ಪಿನ್ನುಗಳ ಮೇಲಿನ ಮಡಿಕೆ ಮಡಿಕೆಯ ರಬ್ಬರ್ ಬೂಟ್, ಪ್ಯಾಡನ್ನು ತಳ್ಳುವ ಪಿಸ್ಟನ್, ಪ್ಯಾಡ್ ಮತ್ತು ಡಿಸ್ಕ್, ಇವಿಷ್ಟನ್ನೂ ಮಾಸ್ಕಿಂಗ್ ಟೇಪ್ ಮತ್ತು ಹಳೆಯ ಪತ್ರಿಕೆಯಿಂದ ಮುಚ್ಚಬೇಕು. ಮೊದಲ ಸಲ ಮಾಡುವವರು ಕ್ಯಾಲಿಪರ್ ಬಿಚ್ಚದೆ, ಇದ್ದಲ್ಲೇ ಹಚ್ಚುವುದು ಕ್ಷೇಮ. ಇದನ್ನು ಕೆಟ್ಟು ಕಲಿತವನಾಗಿ ಹೇಳುತ್ತಿದ್ದೇನೆ. ವರ್ಷಗಳ ಹಿಂದೆ ನಾನು ಹುಮ್ಮಸ್ಸಿನಲ್ಲಿ ಕ್ಯಾಲಿಪರ್ ಬಿಚ್ಚಿ, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ ತೂಗಹಾಕಿ, ಅದನ್ನು ಹೊರುವ ಬ್ರ್ಯಾಕೆಟ್ಟಿಗೂ ಮೂರು ಕೈ ಕೆಂಪು ಬಳಿದೆ. ಬ್ರ್ಯಾಕೆಟ್ಟಿನ ಎರಡು ತುದಿಗಳಲ್ಲಿ ಪ್ಯಾಡಿನ ಕಿವಿಗಳು ಜಾರಾಡುವ ಕಿರಿದಾದ ತೋಡುಗಳಿವೆ. ಬಣ್ಣ ಅಲ್ಲಿಯೂ ಹೊಕ್ಕಿತ್ತು. ಪ್ಯಾಡನ್ನು ಒತ್ತಿ ಕೂರಿಸುವಾಗ ಬಿಗಿಯಾಯಿತು, ‘ಹೊಸದಲ್ಲವೇ, ಹೊಂದಿಕೊಳ್ಳುತ್ತದೆ’ ಎಂದುಕೊಂಡೆ. ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಸುಟ್ಟ ವಾಸನೆ ಬಂತು, ಗಾಡಿ ಎಡಕ್ಕೆ ಎಳೆಯತೊಡಗಿತು. ಬ್ರೇಕಿನಿಂದ ಕಾಲು ತೆಗೆದರೂ ಪ್ಯಾಡ್ ಹಿಂದೆ ಸರಿಯದೆ ಡಿಸ್ಕನ್ನು ಕಚ್ಚಿಕೊಂಡೇ ಇತ್ತು. ಮಾರನೆಯ ದಿನ ಬ್ಲೇಡ್ ಹಿಡಿದು ಆ ತೋಡುಗಳಿಂದ ಬಣ್ಣ ಕೆರೆದದ್ದು ಹಚ್ಚಿದ್ದಕ್ಕಿಂತ ದೀರ್ಘವಾದ ಕೆಲಸವಾಯಿತು.

ದಪ್ಪಗೆ ಒಂದೇ ಸಲ ಬಳಿಯದೆ ತೆಳ್ಳಗೆ ಎರಡು ಮೂರು ಕೈ ಹಚ್ಚಿರಿ. ನಡುವಿನ ಅಂತರಕ್ಕೆ ಡಬ್ಬಿಯ ಮೇಲಿನ ಸೂಚನೆಯೇ ಪ್ರಮಾಣ. ಚಕ್ರ ಕೂರುವ ಹಬ್ಬಿನ ಮುಖಕ್ಕೆ ಬಣ್ಣ ತಾಗಬಾರದು, ತಾಗಿದರೆ ಆ ಪದರ ಕುಸಿದು ನಟ್‌ಗಳು ಸಡಿಲಾಗುತ್ತವೆ. ಎಲ್ಲ ಮುಗಿಸಿ ಹೊರಡುವ ಮುನ್ನ ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ಐದಾರು ಸಲ ಒತ್ತಿ ನೋಡಿರಿ, ಕ್ಯಾಲಿಪರ್ ಬಿಚ್ಚಿದ್ದರಂತೂ ಇದನ್ನು ಮರೆಯಲೇಬಾರದು.

ಕಾಲ ಯಾವುದೆಂದರೆ, ಮುಂಬಯಿಯಲ್ಲಿ ನವೆಂಬರಿನಿಂದ ಫೆಬ್ರವರಿಯ ತನಕ. ಜುಲೈ ತಿಂಗಳ ತೇವದಲ್ಲಿ ಬಣ್ಣದ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ಪಸೆ ಅದರ ಮೇಲೆ ಕೂರುತ್ತದೆ, ಹೊಳಪಿನ ಕೆಂಪು ಬೂದಿ ಬಳಿದಂತಾಗುತ್ತದೆ.

ಪ್ರಶ್ನೆ: ನಮ್ಮ ಮನೆ ಕಡಲಿಗೆ ಹತ್ತಿರ. ನಾಲ್ಕು ದಿನ ಕಾರು ನಿಂತರೆ ಡಿಸ್ಕುಗಳೇ ಕೆಂಪಾಗುತ್ತವೆ. ಕ್ಯಾಲಿಪರ್ ಜೊತೆ ಅವಕ್ಕೂ ಬಣ್ಣ ಹಚ್ಚಿಬಿಡಲೇ?
– ಒಬ್ಬ ಓದುಗರು, ಮಡಗಾಂವ್

ಉತ್ತರ: ಪ್ಯಾಡ್ ಉಜ್ಜುವ ಮುಖಕ್ಕೆ ಖಂಡಿತ ಬೇಡ. ಡಿಸ್ಕ್ ಎರಕದ ಕಬ್ಬಿಣದ್ದು, ಉಪ್ಪಿನ ಗಾಳಿಗೆ ಅದು ಒಂದೇ ರಾತ್ರಿಯಲ್ಲಿ ಕೆಂಪಡರುವುದು ಸಹಜ, ಬೆಳಿಗ್ಗೆ ನಾಲ್ಕು ಸಲ ಬ್ರೇಕ್ ಒತ್ತುವಷ್ಟರಲ್ಲಿ ಬೆಳ್ಳಗಾಗುತ್ತದೆ. ಆ ಮುಖದ ಮೇಲೆ ಬಣ್ಣವಿದ್ದರೆ ಪ್ಯಾಡ್‌ಗೆ ಮೆತ್ತಿಕೊಂಡು ಹಿಡಿತ ತಪ್ಪುತ್ತದೆ. ಚೋರ್ಲಾ ಘಾಟಿಯಲ್ಲಿ ಬೆಳಗಾವಿಯಿಂದ ಇಳಿದು ಬರುವಾಗ ಅದು ತಿಳಿಯುವುದು ಬೇಡ. ನಡುವಿನ ಟೋಪಿಯಂಥ ಭಾಗದ ಬದಿಗೆ ಮತ್ತು ಡಿಸ್ಕಿನ ಹೊರ ಅಂಚಿಗೆ ಹಚ್ಚಬಹುದು. ಟೋಪಿಯ ಚಪ್ಪಟೆ ಮುಖ ಚಕ್ರ ಕೂರುವ ಜಾಗವಾದ್ದರಿಂದ ಅದನ್ನು ಬಿಡಿ. ಕಡಲತೀರದಲ್ಲಿ ಬಣ್ಣಕ್ಕಿಂತ ಹೆಚ್ಚು ಉಪಕಾರ ಮಾಡುವುದು ವಾರಕ್ಕೊಮ್ಮೆ ಸಿಹಿನೀರಿನಿಂದ ಚಕ್ರದ ಒಳಭಾಗವನ್ನು ತೊಳೆದು, ಆಮೇಲೆ ಗಾಡಿಯನ್ನು ಸ್ವಲ್ಪ ಓಡಿಸಿ ಬ್ರೇಕುಗಳನ್ನು ಒಣಗಿಸಿ ನಿಲ್ಲಿಸುವ ಅಭ್ಯಾಸ.

ಪ್ರಶ್ನೆ: ಕೆಂಪು ಕ್ಯಾಲಿಪರ್‌ನಿಂದ ಬ್ರೇಕ್ ಹಿಡಿತ ಹೆಚ್ಚುತ್ತದೆ ಎನ್ನುತ್ತಾನೆ ಮಗ. ನಮ್ಮ ಕಾರಿಗೆ ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇದೆ, ಅದಕ್ಕೂ ಕೆಂಪು ಬಳಿಯಬೇಕಂತೆ.
– ಒಬ್ಬ ಓದುಗರು, ಪುಣೆ

ಉತ್ತರ: ಹಿಡಿತ ಎಳ್ಳಷ್ಟೂ ಹೆಚ್ಚುವುದಿಲ್ಲ. ಪೋರ್ಶೆ ಕಂಪನಿ ತನ್ನ ಸೆರಾಮಿಕ್ ಬ್ರೇಕುಗಳಿಗೆ ಹಳದಿ ಕ್ಯಾಲಿಪರ್ ಕೊಡುವುದು ಗುರುತಿಗಾಗಿ. ಅಲ್ಲಿ ಹಿಡಿತ ತರುವುದು ಡಿಸ್ಕು, ಹಳದಿಯಲ್ಲ. ಡ್ರಮ್ಮಿನ ಹೊರಮೈಗೆ ತುಕ್ಕು ತಡೆಯಲು ಅದೇ ಬಣ್ಣವನ್ನು ಹಚ್ಚಬಹುದು, ಬ್ರೇಕ್ ಉಜ್ಜುವ ಒಳಮೈಗೆ ಮಾತ್ರ ಒಂದು ಹನಿಯೂ ಸೇರಬಾರದು. ನನ್ನನ್ನು ಕೇಳಿದರೆ ಡ್ರಮ್ಮಿಗೆ ಕಪ್ಪೇ ಒಪ್ಪುತ್ತದೆ: ಕೆಂಪು ಬಳಿದರೆ ಚಕ್ರದ ಸಂದಿನಿಂದ ತಪೇಲಿ ಇಣುಕಿದಂತೆ ಕಾಣುತ್ತದೆ.