ಬ್ರಿಟಿಷ್ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ‘ಡಾರ್ಕ್ ಸೈಡ್ ಆಫ್ ದ ಮೂನ್’ ನಿಜವಾಗ್ಲೂ ಅಷ್ಟು ದೊಡ್ಡ ಆಲ್ಬಮ್ಮಾ, ಇಲ್ಲ ಬರೀ ಹೈಪಾ?

ಹೈಪ್ ಇದೆ, ಆದ್ರೆ ಬರೀ ಹೈಪ್ ಅಲ್ಲ. 1973ರದ್ದು, ಅಮೆರಿಕದ ಬಿಲ್‌ಬೋರ್ಡ್ ಆಲ್ಬಮ್ ಪಟ್ಟೀಲಿ 700 ವಾರದ ಮೇಲಿತ್ತು, ಅದು ಮಾರಾಟದ ಲೆಕ್ಕ ಬಿಡಿ. ನಾನು ಮೊದ್ಲು ಕೇಳಿದ್ದು ತುಮಕೂರಿಂದ ಬೆಂಗಳೂರಿಗೆ ಹೋಗೋ ಟ್ರೈನಲ್ಲಿ, ಡಬ್ಬಾ ಇಯರ್‌ಫೋನಲ್ಲಿ, ಕ್ಯಾತಸಂದ್ರ ದಾಟೋ ಅಷ್ಟರಲ್ಲಿ ನಿದ್ದೆ ಬಂದಿತ್ತು. ಆಮೇಲೊಂದಿನ ರಾತ್ರಿ ಫ್ರೆಂಡ್ ಹೆಡ್‌ಫೋನ್ ಇಸ್ಕೊಂಡು ಪೂರ್ತಿ ಕೇಳ್ದೆ ನೋಡಿ, ‘ಮನಿ’ ಹಾಡಿನ ಶುರುವಲ್ಲಿ ಚಿಲ್ಲರೆ ಕಾಸು, ಗಲ್ಲಾಪೆಟ್ಟಿಗೆ ಮೆಷಿನ್ ಸದ್ದನ್ನೇ ಟೇಪ್ ಕತ್ತರಿಸಿ ಅಂಟಿಸಿ ತಾಳ ಮಾಡಿದಾರೆ, ಅದೂ ಏಳು ಎಣಿಕೆ, ನಮ್ಮ ಮಿಶ್ರಛಾಪು ಥರ. ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ ಹಾಡಲ್ಲಿ ಗಾಯಕಿ ಕ್ಲೇರ್ ಟೋರಿ ಒಂದು ಪದಾನೂ ಇಲ್ದೆ ಹಾಡಿರೋದು, ಆಲಾಪನೆ ಕೇಳಿ ಬೆಳೆದೋರಿಗೆ ಬೇಗ ಹಿಡಿಸುತ್ತೆ. ‘ಆನ್ ದ ರನ್’ ಮಾತ್ರ ನಂಗೆ ಇವತ್ತಿಗೂ ಬೋರು. ಶಫಲ್‌ನಲ್ಲಿ ಹಾಕ್ಬೇಡಿ, ಹಾಡಿಗೆ ಹಾಡು ಅಂಟ್ಕೊಂಡಿದೆ, ಒಟ್ಟು ಸುಮಾರು 43 ನಿಮಿಷ ಅಷ್ಟೇ.